ದಾರಿಹೋಕರ ಸೋಸುಬಟ್ಟೆ

ಶ್ರೀನಿವಾಸಪುರದಿಂದ ತಿರುಪತಿಗೆ ನಡೆದು ಹೋಗುವವರ ಮುಂದೆ ಎರಡು ದಾರಿಗಳಿವೆ. ರಾಯಲ್ಪಾಡು ದಾಟಿ ಮದನಪಲ್ಲಿಯ ಕಡೆಗೆ ಹೋಗುವುದು ಒಂದು. ಮುಳಬಾಗಿಲಿಗೆ ಬಂದು ನಂಗಲಿ, ಪಲಮನೇರು, ಚಿತ್ತೂರಿನ ಹೆದ್ದಾರಿ ಹಿಡಿಯುವುದು ಇನ್ನೊಂದು. ಯಾವುದನ್ನು ಹಿಡಿದರೂ 150 ಕಿಲೋಮೀಟರಿಗೆ ಕಡಿಮೆಯಿಲ್ಲ. ಅಷ್ಟನ್ನು ನಡೆದ ಮೇಲೆ ಅಲಿಪಿರಿಯಲ್ಲಿ 3,550 ಮೆಟ್ಟಿಲುಗಳು ಕಾದಿರುತ್ತವೆ. ಬಿಸಿಲಿನಲ್ಲಿ ನಡೆಯುವವನಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರಾದರೂ ಬೇಕು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಎರಡು ದಿನಕ್ಕಾಗುವಷ್ಟು ನೀರನ್ನು ಹೊತ್ತರೆ ಹೆಗಲ ಮೇಲೆ ಹತ್ತು ಕಿಲೋ ಕುಳಿತಂತಾಯಿತು. ಆದ್ದರಿಂದ ನಡೆಯುವವನು ದಾರಿಯಲ್ಲಿ ಸಿಕ್ಕ ನೀರನ್ನೇ ಕುಡಿಯಬೇಕು. ಸಿಕ್ಕ ನೀರು ಕುಡಿಯುವಂತಿಲ್ಲದಿದ್ದರೆ ಕುಡಿಯುವಂತೆ ಮಾಡಿಕೊಳ್ಳಬೇಕು.

ಈ ಕೆಲಸಕ್ಕೆಂದು ಚಾರಣಿಗರ ಬೆನ್ನಚೀಲದಲ್ಲಿ ಈಗ ಒಂದು ಪುಟ್ಟ ಸಾಧನ ಕಾಣಿಸುತ್ತದೆ. ಗೇಣುದ್ದಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಕೊಳವೆ, ಅದಕ್ಕೆ ತಿರುಪಿನಿಂದ ಜೋಡಿಸುವ ಮೆತ್ತನೆಯ ನೀರಿನ ಚೀಲ. ಎರಡೂ ಸೇರಿ ತೂಕ ಸುಮಾರು 100 ಗ್ರಾಂ. ಚೀಲದಲ್ಲಿ ಕೆರೆಯ ನೀರು ತುಂಬಿ ಹಿಂಡಿದರೆ ಕೊಳವೆಯ ತುದಿಯಿಂದ ತಿಳಿನೀರು ಬರುತ್ತದೆ. ಹಿಮಾಲಯಕ್ಕೂ ಪಶ್ಚಿಮಘಟ್ಟಕ್ಕೂ ಹೋಗಿಬಂದ ಬೆಂಗಳೂರಿನ ಹುಡುಗರು ಇದನ್ನು ಹೊಸ ಕಾಲದ ಸೋಜಿಗವೆಂದು ತೋರಿಸುವುದುಂಟು. ಕೊಳವೆ ಹೊಸದು, ನಿಜ. ಆದರೆ ನೀರು ಸೋಸುವ ಸಾಧನವನ್ನು ಜೋಳಿಗೆಯಲ್ಲಿಟ್ಟುಕೊಂಡು ದೂರ ನಡೆಯುವ ಪದ್ಧತಿಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ.

ಶ್ರೀನಿವಾಸಪುರದ ಹೆಸರಿಗೂ ಇಂಥ ನಡಿಗೆಯ ನಂಟಿದೆ. ಊರಿನ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆಯಿಂದ ಹಿಂದಿರುಗುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟರೆಂಬುದು ಪ್ರತೀತಿ. ಪಕ್ಕದ ಮುಳಬಾಗಿಲಂತೂ ಹೆಸರಿನಲ್ಲೇ ಮೂಡಲ ದಿಕ್ಕಿನ ಬಾಗಿಲು. ಪಶ್ಚಿಮದಿಂದ ಬಂದ ತಿರುಪತಿಯ ಯಾತ್ರಿಕರು ಅಲ್ಲಿನ ನರಸಿಂಹತೀರ್ಥದಲ್ಲಿ ಮಿಂದು ಮುಂದೆ ಹೊರಡುವುದು ಹಳೆಯ ರೂಢಿ.

ಅರವಟಿಗೆಯ ನಂಬಿಕೆ

ಇಂಥ ದಾರಿಗಳಲ್ಲಿ ನೀರಿನ ವ್ಯವಸ್ಥೆ ಹಿಂದೆ ಹೇಗಿತ್ತು? ಮೊದಲ ಉತ್ತರ ಅರವಟಿಗೆ. ಶಾಸನಗಳಲ್ಲಿ ಇದು ‘ಅರವಂಟಿಗೆ’ ಎಂಬ ರೂಪದಲ್ಲಿ ಬರುತ್ತದೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ತೋಪು ಇಡಿಸುವುದು, ಅರವಂಟಿಗೆ ನಡೆಸುವುದು ಒಂದೇ ಸಾಲಿನ ಪುಣ್ಯಕಾರ್ಯಗಳಾಗಿದ್ದವು. ಬಿ.ಎಲ್. ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ಅದರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಕಲ್ಲುಗಳಿಗೂ ಪ್ರತ್ಯೇಕ ಜಾಗವಿದೆ. ಕೆರೆ ಕಟ್ಟಿದವನಿಗೆ ಕೊಡಗಿಯಾಗಿ ಗದ್ದೆ ಬಿಟ್ಟುಕೊಟ್ಟ ಮಾತು ಈ ಜಿಲ್ಲೆಯ ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಗೆ ಕೆರೆಯನ್ನು ಬಿಟ್ಟರೆ ಬೇರೆ ಗತಿಯಾದರೂ ಏನಿತ್ತು?

ಅರವಟಿಗೆಯ ನೀರು ಶುದ್ಧವೋ ಅಲ್ಲವೋ ಎಂದು ದಾರಿಹೋಕ ಕೇಳುತ್ತಿರಲಿಲ್ಲ. ಕೊಟ್ಟವನ ಮೇಲಿನ ನಂಬಿಕೆಯೇ ಅಲ್ಲಿ ಪರೀಕ್ಷೆ. ಗುಡಾಣದ ಬಾಯಿಗೆ ಕಟ್ಟಿದ ಬಟ್ಟೆ, ತಣ್ಣಗಿನ ನೀರು, ಜೊತೆಗೆ ಒಂದು ಚೂರು ಬೆಲ್ಲವೋ ಒಂದು ಲೋಟ ಮಜ್ಜಿಗೆಯೋ ಸಿಕ್ಕರೆ ಅಷ್ಟೇ ಸಾಕು. ಆದರೆ ಒಂದು ಅರವಟಿಗೆಗೂ ಇನ್ನೊಂದಕ್ಕೂ ನಡುವೆ ಕಾಡೋ ಬಯಲೋ ಇದ್ದರೆ ತನ್ನ ನೀರನ್ನು ತಾನೇ ನೋಡಿಕೊಳ್ಳಬೇಕಿತ್ತು. ಸೋಸುಬಟ್ಟೆ ಜೋಳಿಗೆ ಸೇರಿದ್ದು ಹೀಗೆ.

ಭಿಕ್ಷುವಿನ ಎಂಟನೆಯ ವಸ್ತು

ಬೌದ್ಧ ಭಿಕ್ಷುವಿಗೆ ತನ್ನದೆಂದು ಹೇಳಿಕೊಳ್ಳಲು ಎಂಟೇ ವಸ್ತುಗಳು. ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ. ಎಂಟನೆಯದು ನೀರು ಸೋಸುವ ಬಟ್ಟೆ. ಪಾಲಿ ಭಾಷೆಯಲ್ಲಿ ಇದಕ್ಕೆ ‘ಪರಿಸ್ಸಾವನ’ ಎಂದು ಹೆಸರು. ಮಳೆಗಾಲದ ಮೂರು ತಿಂಗಳನ್ನು ಬಿಟ್ಟು ಉಳಿದಂತೆ ಊರಿಂದೂರಿಗೆ ನಡೆಯುತ್ತಿದ್ದವರ ಪಟ್ಟಿಯಲ್ಲಿ ಅದು ಸೇರಿತ್ತೆಂಬುದನ್ನು ಗಮನಿಸಬೇಕು. ಭಾರವಾದುದಕ್ಕೆ, ಅನವಶ್ಯಕವಾದುದಕ್ಕೆ ಅಲ್ಲಿ ಎಡೆಯೇ ಇಲ್ಲ.

ವಿನಯಪಿಟಕದಲ್ಲಿ ಈ ಬಟ್ಟೆಯ ಬಗ್ಗೆ ಮನಕಲಕುವ ಪ್ರಸಂಗವೊಂದಿದೆ. ಕೋಸಲ ದೇಶದ ದಾರಿಯಲ್ಲಿ ಇಬ್ಬರು ಭಿಕ್ಷುಗಳು ನಡೆದು ಬರುತ್ತಿದ್ದರು. ಒಬ್ಬನ ಬಳಿ ಸೋಸುಬಟ್ಟೆ ಇತ್ತು, ಇನ್ನೊಬ್ಬನ ಬಳಿ ಇರಲಿಲ್ಲ. ಹಿಂದೆ ಯಾವುದೋ ಮಾತಿಗೆ ಇಬ್ಬರಿಗೂ ಮನಸ್ತಾಪವಾಗಿತ್ತು. ಇಲ್ಲದವನು ಬೇಡಿದ, ಇದ್ದವನು ಕೊಡಲಿಲ್ಲ. ಸೋಸದ ನೀರನ್ನು ಕುಡಿಯಲಾರದೆ, ಬಾಯಾರಿ, ಆ ಭಿಕ್ಷು ದಾರಿಯಲ್ಲೇ ಸತ್ತ. ವಿಷಯ ಬುದ್ಧನ ಕಿವಿಗೆ ಬಿತ್ತು. ಪಯಣದಲ್ಲಿ ಕೇಳಿದವನಿಗೆ ಸೋಸುಬಟ್ಟೆಯನ್ನು ಇಲ್ಲವೆನ್ನಬಾರದು, ಅದಿಲ್ಲದೆ ಯಾರೂ ದೂರದ ದಾರಿಗೆ ಹೊರಡಬಾರದು, ಏನೂ ಇಲ್ಲದಿದ್ದರೆ ಮೇಲುಹೊದಿಕೆಯ ಸೆರಗಿನಲ್ಲಾದರೂ ಸೋಸಿ ಕುಡಿಯಬಹುದು ಎಂಬ ನಿಯಮಗಳು ಅಂದು ಬಂದವು. ದೂರದ ನಡಿಗೆಗೆ ನೀರಿನ ಫಿಲ್ಟರ್ ಕಡ್ಡಾಯವೆಂದು ವಿಧಿಸಿದ ಅತಿ ಹಳೆಯ ಕಟ್ಟಳೆಗಳಲ್ಲಿ ಇದೂ ಒಂದೆನ್ನಬಹುದು. ಏಳನೆಯ ಶತಮಾನದಲ್ಲಿ ಚೀನಾದಿಂದ ಬಂದು ನಾಲಂದದಲ್ಲಿ ಓದಿದ ಇತ್ಸಿಂಗ್, ಈ ಸೋಸುಬಟ್ಟೆಯ ಬಳಕೆಯನ್ನೂ ನೀರಿನಲ್ಲಿ ಹುಳುಗಳಿವೆಯೇ ಎಂದು ಪರೀಕ್ಷಿಸುವ ಕ್ರಮವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ.

ಒಂದು ಮಾತನ್ನು ಇಲ್ಲಿ ಮರೆಯುವಂತಿಲ್ಲ. ಭಿಕ್ಷು ನೀರು ಸೋಸುತ್ತಿದ್ದುದು ತನ್ನ ಹೊಟ್ಟೆಯನ್ನು ಕಾಪಾಡಿಕೊಳ್ಳಲು ಅಲ್ಲ, ನೀರಿನಲ್ಲಿರುವ ಜೀವಿಗಳನ್ನು ಕಾಪಾಡಲು. ಜೈನರಲ್ಲಿ ಈ ಎಚ್ಚರ ಇನ್ನೂ ಸೂಕ್ಷ್ಮ. ದಟ್ಟವಾದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ, ಬಟ್ಟೆಯ ಮೇಲೆ ಉಳಿದುದನ್ನು ಅದೇ ಬಾವಿಯ, ಅದೇ ಕೆರೆಯ ನೀರಿಗೆ ಮರಳಿ ಬಿಡುವುದು ಅವರ ಕ್ರಮ. ಹುಳು ತನ್ನ ಮನೆಗೆ ಹಿಂದಿರುಗುತ್ತದೆ, ನೀರು ಮನುಷ್ಯನ ಪಾತ್ರೆಗೆ ಬರುತ್ತದೆ. ಮನುಸ್ಮೃತಿಯೂ ತನ್ನ ಆರನೆಯ ಅಧ್ಯಾಯದಲ್ಲಿ, ಮನೆ ಬಿಟ್ಟು ನಡೆಯುವ ಸಂನ್ಯಾಸಿಗೆ ಬಟ್ಟೆಯಲ್ಲಿ ಸೋಸಿದ ನೀರನ್ನು ವಿಧಿಸುತ್ತದೆ. ಕಾರಣ ಯಾವುದೇ ಇರಲಿ, ಫಲ ಕುಡಿದವನಿಗೂ ದಕ್ಕಿತು.

ಎಷ್ಟು ದಕ್ಕಿತು ಎಂಬುದನ್ನು ಅಳೆದು ನೋಡಿದ್ದು ಮಾತ್ರ ತೀರಾ ಈಚೆಗೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಮತ್ತು ಅನ್ವರ್ ಹಕ್ ಮೊದಲಾದ ವಿಜ್ಞಾನಿಗಳು ಹಳೆಯ ಸೀರೆಯನ್ನು ನಾಲ್ಕು ಬಾರಿ ಮಡಿಸಿ, ಅದರಲ್ಲಿ ನೀರು ಸೋಸುವುದನ್ನು ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಅವರ ವರದಿಯಂತೆ ಆ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ತಗ್ಗಿತು. ಕಾಲರಾದ ಸೂಕ್ಷ್ಮಾಣು ಸೀರೆಯ ಕಣ್ಣುಗಳಲ್ಲಿ ಸಲೀಸಾಗಿ ನುಸುಳುವಷ್ಟು ಚಿಕ್ಕದು. ಆದರೆ ಅದು ನೀರಿನ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ಆ ಜೀವಿಗಳು ಬಟ್ಟೆಗೆ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲೆಂದೂ ಕಂಡುಬಂತು. ಒಗೆದು ಒಗೆದು ನೂಲು ಬಿರಿದು ಹರಡಿದಾಗ ಅದರ ಕಣ್ಣುಗಳು ಕಿರಿದಾಗುತ್ತವೆ. ಸೋಸಲು ಹಳೆಯ ಪಂಚೆಯನ್ನೇ ಹುಡುಕುತ್ತಿದ್ದ ಅಜ್ಜಿಯರಿಗೆ ಈ ವರದಿಯ ಅಗತ್ಯವಿರಲಿಲ್ಲವೇನೋ.

ಚಿಲ್ಲದ ಬೀಜ

ಬಟ್ಟೆಗೆ ಬಗ್ಗದ ಒಂದು ತೊಂದರೆ ಕೆಂಪು ರಾಡಿ. ಮಳೆ ಬಿದ್ದ ಮರುದಿನ ಈ ಸೀಮೆಯ ಕೆರೆಗಳ ಬಣ್ಣ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎಷ್ಟು ಮಡಿಕೆ ಬಟ್ಟೆ ಹಿಡಿದರೂ ನೀರು ಕೆಂಪಾಗಿಯೇ ಇಳಿಯುತ್ತದೆ. ಇದಕ್ಕೆ ಮದ್ದು ಚಿಲ್ಲದ ಬೀಜ. ತೆಲುಗಿನಲ್ಲಿ ಚಿಲ್ಲಗಿಂಜ, ತಮಿಳಿನಲ್ಲಿ ತೇತ್ತಾಂಕೊಟ್ಟೈ, ಸಂಸ್ಕೃತದಲ್ಲಿ ಕತಕ. ಮೂರು ಭಾಷೆಗಳು ಕೂಡುವ ಈ ಗಡಿಯಲ್ಲಿ ಮೂರೂ ಹೆಸರುಗಳು ಬಳಕೆಗೆ ಬರುತ್ತವೆ. ಗಡಿಗೆಯ ಒಳಮೈಗೆ ಬೀಜವನ್ನು ಉಜ್ಜಿ ನೀರು ತುಂಬಿಟ್ಟರೆ ಕೆಲವು ಗಂಟೆಗಳಲ್ಲಿ ಮಣ್ಣೆಲ್ಲ ತಳಕ್ಕೆ ಕೂರುತ್ತದೆ. ಮಣ್ಣಿನ ಸಣ್ಣ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಬೀಜದ ಸಾರ ಅವುಗಳನ್ನು ಒಟ್ಟುಗೂಡಿಸಿ ಗರಣೆ ಕಟ್ಟಿಸುತ್ತದೆ, ಭಾರಕ್ಕೆ ಅವು ಮುಳುಗುತ್ತವೆ. ಪಟಿಕ ಮಾಡುವುದೂ ಇದೇ ಕೆಲಸವನ್ನು. ಸುಶ್ರುತ ಸಂಹಿತೆ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಹೇಳುವಾಗ ಕತಕವನ್ನೂ ಬಟ್ಟೆಯನ್ನೂ ಸೇರಿಸುತ್ತದೆ. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂದು ಮನುಸ್ಮೃತಿ ಸಂನ್ಯಾಸಿಗೆ ಎಚ್ಚರಿಸುವುದನ್ನು ನೋಡಿದರೆ ಈ ಬೀಜ ಎಷ್ಟು ಮನೆಮಾತಾಗಿತ್ತೆಂದು ತಿಳಿಯುತ್ತದೆ.

ಹೀಗೆ ಶತಮಾನಗಳ ಕಾಲ ‘ತಿಳಿ’ ಎಂದರೆ ‘ಒಳ್ಳೆಯದು’ ಎಂದೇ ಅರ್ಥವಾಗಿತ್ತು. ಈ ಅರ್ಥ ಕುಸಿದದ್ದು ಕಾಲರಾದಿಂದ. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಒಂದು ಬೀದಿಯ ಪಂಪಿನ ನೀರಿಗೂ ಅಲ್ಲಿನ ಕಾಲರಾ ಸಾವುಗಳಿಗೂ ಇದ್ದ ನಂಟನ್ನು ತೋರಿಸಿದ. 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತದಲ್ಲಿ ಕುಳಿತು ರೋಗದ ಸೂಕ್ಷ್ಮಾಣುವನ್ನು ಖಚಿತಪಡಿಸಿದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪಾಶ್ಚರನ ಸಹಾಯಕ ಶಾಂಬರ್ಲಾಂ, ಮೆರುಗು ಕೊಡದ ಪಿಂಗಾಣಿಯ ಕೊಳವೆಯಲ್ಲಿ ನೀರು ಹಾಯಿಸಿ ಸೂಕ್ಷ್ಮಾಣುಗಳನ್ನು ತಡೆಯುವ ಫಿಲ್ಟರ್ ಮಾಡಿದ. ನಮ್ಮ ಅಡುಗೆಮನೆಗಳಲ್ಲಿ ಬಹುಕಾಲ ನಿಂತಿದ್ದ ಸ್ಟೀಲಿನ ಫಿಲ್ಟರಿನ ಬಿಳಿಯ ಕ್ಯಾಂಡಲ್ ಇದೇ ವಂಶದ್ದು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಕಾಲರಾದಿಂದ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದು ಬಹುಮಟ್ಟಿಗೆ ಪಾರಾಯಿತು. ಮರಳಿನ ಫಿಲ್ಟರಿನ ಬಗ್ಗೆ ಇನ್ನು ವಾದ ಉಳಿಯಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಕೋಲಾರ ಚಿನ್ನದ ಗಣಿಯ ಊರಿಗೆ ಬೇತಮಂಗಲದ ಕೆರೆಯಿಂದ ನೀರು ಒಯ್ದಾಗಲೂ ನಡುವೆ ಫಿಲ್ಟರ್ ನಿಂತಿತ್ತು. ಗಣಿಯವರಿಗೆ ಸೋಸಿದ ನೀರು ಸಿಕ್ಕ ಜಿಲ್ಲೆಯಲ್ಲೇ ಹಳ್ಳಿಯವರು ಇನ್ನೂ ಹಲವು ದಶಕ ಬಟ್ಟೆಯನ್ನೇ ನಂಬಿದ್ದರು.

ಹುಳುವಿನಿಂದ ಹುಟ್ಟಿದ ಕೊಳವೆ

ಫಿಲ್ಟರ್ ಮತ್ತೆ ದಾರಿಹೋಕನ ಕೊರಳಿಗೆ ಬಂದದ್ದು ನಾರುಹುಣ್ಣಿನ ನೆಪದಲ್ಲಿ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಹೊಟ್ಟೆಯಲ್ಲಿ ನಾರುಹುಳುವಿನ ಮರಿ ಇರುತ್ತದೆ. ಆ ನೀರು ಕುಡಿದ ಸುಮಾರು ಒಂದು ವರ್ಷಕ್ಕೆ ಮೊಳಕ್ಕೂ ಉದ್ದದ ಹುಳು ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಮೆಟ್ಟಿಲುಬಾವಿಗಳಿಗೆ ಇಳಿದು ನೀರು ತುಂಬುತ್ತಿದ್ದ ಕಡೆ ಇದು ಮನೆಮನೆಯ ನೋವು. ಕರ್ನಾಟಕವೂ ಇದರಿಂದ ನರಳಿದ ಏಳು ರಾಜ್ಯಗಳಲ್ಲಿ ಒಂದು. ಮದ್ದಿಲ್ಲದ ಈ ರೋಗವನ್ನು ದೇಶ ಗೆದ್ದದ್ದು ಬಾವಿಗಳನ್ನು ತಿದ್ದಿ, ನೀರಿಗೆ ಔಷಧಿ ಹಾಕಿ, ಮನೆಮನೆಗೆ ಸೋಸುಬಟ್ಟೆ ಕೊಟ್ಟು. ಕಡೆಯ ರೋಗಿ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಆಫ್ರಿಕದಲ್ಲಿ ಕೆಲಸ ಇಷ್ಟು ಸುಲಭವಿರಲಿಲ್ಲ. ದನ ಮೇಯಿಸುತ್ತ ಅಲೆಯುವವರು ಬಟ್ಟೆ, ಗಡಿಗೆ ಹೊತ್ತು ತಿರುಗಲಾರರು. ಅವರಿಗಾಗಿ ಒಂದು ತುದಿಗೆ ನೈಲಾನ್ ಜಾಲರಿ ಕೂಡಿಸಿದ ಹೀರುಕೊಳವೆಗಳನ್ನು ತಯಾರಿಸಿ, ದಾರ ಪೋಣಿಸಿ ಕೊರಳಿಗೆ ಹಾಕಿದರು. 2001ರಲ್ಲಿ ಸೂಡಾನ್ ಒಂದರಲ್ಲೇ ಲಕ್ಷಗಟ್ಟಲೆ ಕೊಳವೆಗಳನ್ನು ಹಂಚಲಾಯಿತು. ಈ ಕೊಳವೆಯನ್ನೇ ಬೆಳೆಸಿ, ಸೂಕ್ಷ್ಮಾಣುಗಳನ್ನೂ ತಡೆಯುವಂತೆ ಮಾಡಿದ ‘ಲೈಫ್‌ಸ್ಟ್ರಾ’ 2005ರಲ್ಲಿ ಬಂತು. ಇಂದು ಚಾರಣಿಗರು ದುಡ್ಡು ಕೊಟ್ಟು ಕೊಳ್ಳುವ ಹಗುರ ಫಿಲ್ಟರುಗಳಲ್ಲಿ ಕೆಲವಕ್ಕಾದರೂ ಸೂಡಾನಿನ ದನಗಾಹಿಯೇ ಮೊದಲ ಗಿರಾಕಿ.

ಈ ಕೊಳವೆಯ ಒಳಗೆ ಇರುವುದು ಟೊಳ್ಳು ನೂಲುಗಳ ಕಟ್ಟು. ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧಿಗೆ ಬಳಸುವ ಡಯಾಲಿಸಿಸ್ ಯಂತ್ರದಲ್ಲಿಯೂ ಇಂಥ ನೂಲುಗಳೇ ಇರುತ್ತವೆ. ಪ್ರತಿ ನೂಲಿನ ಗೋಡೆಯಲ್ಲೂ ಸುಮಾರು 0.1 ಮೈಕ್ರಾನ್ ಅಗಲದ ರಂಧ್ರಗಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಾಲರಾದ ಸೂಕ್ಷ್ಮಾಣು ಅರ್ಧ ಮೈಕ್ರಾನ್ ದಪ್ಪ, ಹೀಗಾಗಿ ಅದು ಹೊರಗೇ ಉಳಿಯುತ್ತದೆ. ಕಾಮಾಲೆಯ ವೈರಸ್ಸು ಇದಕ್ಕಿಂತ ಎಷ್ಟೋ ಚಿಕ್ಕದಾಗಿರುವುದರಿಂದ ನುಸುಳುತ್ತದೆ. ಇದೂ ಹೊಸ ಸಂಗತಿಯಲ್ಲ. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ, ರೋಗ ತಗಲಿದ ಹೊಗೆಸೊಪ್ಪಿನ ರಸ ಶಾಂಬರ್ಲಾಂ ಫಿಲ್ಟರನ್ನು ದಾಟಿದ ಮೇಲೂ ರೋಗ ಹರಡುವುದನ್ನು ಕಂಡ. ವೈರಸ್ಸಿನ ಪತ್ತೆಗೆ ದಾರಿಯಾದದ್ದು ಫಿಲ್ಟರಿನ ಈ ಸೋಲೇ.

ಆದ್ದರಿಂದ ಬುದ್ಧಿವಂತ ಚಾರಣಿಗ ಕೊಳವೆಯೊಂದನ್ನೇ ನೆಚ್ಚಿ ಹೊರಡುವುದಿಲ್ಲ. ಕೆರೆಯ ನೀರನ್ನು ಮೊದಲು ಮಡಿಸಿದ ಕರವಸ್ತ್ರದಲ್ಲಿ ಸೋಸುತ್ತಾನೆ. ರಾಡಿಯಿದ್ದರೆ ಒಂದು ಚೂರು ಪಟಿಕ ಆಡಿಸಿ, ತಿಳಿಯಾಗುವ ತನಕ ಮರದ ನೆರಳಿನಲ್ಲಿ ಕೂರುತ್ತಾನೆ. ಇಲ್ಲದಿದ್ದರೆ ನೂಲಿನ ಕಣ್ಣು ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ತಿಳಿಯನ್ನು ಚೀಲಕ್ಕೆ ತುಂಬಿ ಕೊಳವೆಯ ಮೂಲಕ ಹಿಂಡುವುದು, ಅಥವಾ ಚೀಲವನ್ನು ಕೊಂಬೆಗೆ ನೇತುಹಾಕಿ ತಾನಾಗಿ ಇಳಿಯಬಿಡುವುದು. ಜನವಸತಿಯ ಹತ್ತಿರದ ನೀರಾದರೆ ಕೊನೆಗೆ ಒಂದು ಕ್ಲೋರಿನ್ ಮಾತ್ರೆ, ಅರ್ಧ ಗಂಟೆ ತಾಳ್ಮೆ. ಕೊಳೆನೀರಿನ ಚೀಲಕ್ಕೂ ಒಳ್ಳೆಯ ನೀರಿನ ಬಾಟಲಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಳ್ಳುವುದು ಜಾಣತನ. ಸಂಜೆಯ ಸುಸ್ತಿನಲ್ಲಿ ಎರಡೂ ಅದಲುಬದಲಾದರೆ ಪಟ್ಟ ಪಾಡೆಲ್ಲ ವ್ಯರ್ಥ. ದಿನಕ್ಕೊಮ್ಮೆ ಶುದ್ಧ ನೀರನ್ನು ಹಿಂದುಮುಂದಾಗಿ ಹಾಯಿಸಿ ನೂಲನ್ನು ತೊಳೆಯಬೇಕು. ಒದ್ದೆಯಾದ ಕೊಳವೆಯನ್ನು ಬಾಯಿಂದ ಊದಿದರೆ ಗಾಳಿ ಹಾಯಬಾರದು. ಹಾಯಿತೆಂದರೆ ಒಳಗೆ ನೂಲು ಮುರಿದಿದೆಯೆಂದು ತಿಳಿದು ಅದನ್ನು ಎಸೆಯಬೇಕು. ಬಟ್ಟೆ, ಬೀಜದ ಬದಲಿಗೆ ಪಟಿಕ, ಪಿಂಗಾಣಿಯ ಬದಲಿಗೆ ನೂಲು. ಹಳೆಯದು ಯಾವುದೂ ಜೋಳಿಗೆಯಿಂದ ಇಳಿದಿಲ್ಲ.

ಸೋಸಿದರೂ ಹೋಗದ್ದು

ಇಷ್ಟೆಲ್ಲ ಮಾಡಿಯೂ ಕೋಲಾರ ಜಿಲ್ಲೆಯ ನೀರಿನ ಮುಖ್ಯ ಕಾಯಿಲೆಯನ್ನು ಈ ಕೊಳವೆ ಮುಟ್ಟುವುದೇ ಇಲ್ಲ. ಕೆರೆಗಳು ಬತ್ತಿ ಊರುಗಳು ಕೊಳವೆಬಾವಿಗೆ ತಿರುಗಿದವು. ಸಾವಿರ ಅಡಿ ದಾಟಿ ಕೊರೆದ ಕಲ್ಲಿನೊಳಗಿಂದ ಬರುವ ನೀರು ನೋಡಲು ಗಾಜಿನಂತೆ ತಿಳಿ. ಅದರಲ್ಲಿ ರಾಡಿಯಿಲ್ಲ, ಹುಳುವಿಲ್ಲ. ಆದರೆ ಗ್ರಾನೈಟ್ ಜಾತಿಯ ಬಂಡೆಯಿಂದ ಕರಗಿ ಬಂದ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಂದು ಹಿಡಿಯುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮಂಡಿಗಳು ಬಿಗಿಯುತ್ತವೆ. ಈ ರೋಗ ಭಾರತದಲ್ಲಿ ಮೊದಲು ಗುರುತಾದದ್ದು ನೆಲ್ಲೂರು ಜಿಲ್ಲೆಯಲ್ಲಿ, 1937ರಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳೂ ಇದನ್ನು ಬಲ್ಲವು. ಫ್ಲೋರೈಡ್ ನೀರಿನಲ್ಲಿ ಉಪ್ಪಿನಂತೆ ಕರಗಿರುವುದರಿಂದ ಬಟ್ಟೆಯಾಗಲಿ, ಕ್ಯಾಂಡಲ್ ಆಗಲಿ, ಟೊಳ್ಳು ನೂಲಾಗಲಿ ಅದನ್ನು ಹಿಡಿಯಲಾರದು. ಕುದಿಸಿದರೆ ನೀರು ಆವಿಯಾಗಿ ಪ್ರಮಾಣ ಏರುತ್ತದೆಯೇ ಹೊರತು ಇಳಿಯದು.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಆರಂಭದಲ್ಲೇ ಕೆರೆಯಲ್ಲಿ ನೊರೆ ಕಂಡು ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಬತ್ತಿದ ಕೆರೆಗಳಲ್ಲಿ ನೀರು ಕಂಡವರ ಸಂತೋಷ ಸುಳ್ಳಲ್ಲ. ಆದರೆ ಅದು ಅಂತರ್ಜಲ ತುಂಬಲೆಂದು ಬಿಟ್ಟ ನೀರು, ಕುಡಿಯಲೆಂದು ಅಲ್ಲ. ಅದರಲ್ಲಿ ಕರಗಿದ ರಾಸಾಯನಿಕಗಳೇನಾದರೂ ಇದ್ದರೆ ಅವೂ ಫ್ಲೋರೈಡಿನಂತೆಯೇ ನೂಲನ್ನು ದಾಟಿಬಿಡುತ್ತವೆ. ದಂಡೆಯ ಮೇಲೆ ಕೂತು ಬಾಟಲಿ ತುಂಬುವ ಚಾರಣಿಗ ಇಂಥ ಕೆರೆಯನ್ನು ಬಿಟ್ಟು ಮುಂದೆ ನಡೆಯುವುದೇ ಕ್ಷೇಮ.

ಕೊಳವೆಬಾವಿಯ ನೀರಿನ ವಿಷಯದಲ್ಲಿ ಅವನು ಅಷ್ಟು ಹೆದರಬೇಕಿಲ್ಲ. ಐದಾರು ದಿನ ಕುಡಿದು ಹೋಗುವವನಿಗೆ ಫ್ಲೋರೈಡ್ ಏನೂ ಮಾಡದು. ಅದು ಹಿಡಿಯುವುದು ದಿನವೂ ಅದನ್ನೇ ಕುಡಿಯುವ ಊರಿನವರನ್ನು. ಅವರಿಗಾಗಿ ಹಳ್ಳಿಹಳ್ಳಿಯಲ್ಲಿ ರಿವರ್ಸ್ ಆಸ್ಮೋಸಿಸ್ ಮಾದರಿಯ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನೀರನ್ನು ಬಲವಾಗಿ ಒತ್ತಿ, ಕರಗಿದ ಲವಣವನ್ನೂ ತಡೆಯುವ ಪೊರೆಯ ಮೂಲಕ ಹಾಯಿಸುವ ಈ ಯಂತ್ರಕ್ಕೆ ವಿದ್ಯುತ್ ಬೇಕು, ನಿಗಾ ಬೇಕು. ಹಾಕಿದ ನೀರಿನಲ್ಲಿ ಒಂದು ಪಾಲು ಉಪ್ಪಿನ ಸಮೇತ ಚರಂಡಿ ಸೇರುತ್ತದೆ. ಕೆಟ್ಟು ನಿಂತರೆ ಜನ ಮತ್ತೆ ಕೊಳವೆಬಾವಿಯ ನಲ್ಲಿಗೆ ಹೋಗುತ್ತಾರೆ. ಬೆನ್ನ ಮೇಲೆ ಹೊತ್ತು ನಡೆಯುವ ಮಾತಂತೂ ಇಲ್ಲ.

ಅಲಿಪಿರಿ ಹತ್ತಿ, ದರ್ಶನ ಮುಗಿಸಿ ಊರಿಗೆ ಮರಳಿದ ಯಾತ್ರಿಕ ಮೊದಲು ಮಾಡಬೇಕಾದ ಕೆಲಸ ಆ ನೂರು ಗ್ರಾಂ ಕೊಳವೆಯನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ನಾಲ್ಕು ದಿನ ಒಣಗಿಸುವುದು. ಒದ್ದೆಯಾಗಿ ಕಟ್ಟಿಟ್ಟರೆ ಮುಂದಿನ ವರ್ಷದ ಹೊತ್ತಿಗೆ ಒಳಗೆ ಬೂಸ್ಟು ಹಿಡಿದಿರುತ್ತದೆ. ಅದನ್ನು ಗೂಟಕ್ಕೆ ತೂಗುಹಾಕಿ, ಇಪ್ಪತ್ತು ಲೀಟರಿನ ಕ್ಯಾನ್ ಎತ್ತಿಕೊಂಡು, ಅವನೂ ನಾಣ್ಯ ಹಿಡಿದು ಘಟಕದ ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ.